ಅಪ್‌ಡೇಟ್: ಮಾಸ್ತರರ ಸೇನಾ ತರಬೇತಿ ನಿಜವೇ? ಉತ್ತರ ಸಿಕ್ಕಿತು

ಅಮೆರಿಕದ ಸೇನೆಯಲ್ಲಿ ವಿಶೇಷ ಪಡೆಗೆ ಕೈಕಾಳಗ ಕಲಿಸಿದ್ದೆ ಎನ್ನುವ ಕರಾಟೆ ಮಾಸ್ತರರ ಮಾತನ್ನು ಖಚಿತಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೆ.

ಫಲ ಕೊಟ್ಟದ್ದು ‘ಡಿಡಿ-214 ತೋರಿಸಿ ಅನ್ನಿ’ ಎಂಬ ಸಲಹೆ. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಅದು ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಪತ್ರ. ಮಾಸ್ತರರು ಬೇಸರಿಸದೆ ತಂದರು. 11ನೇ ಕಲಂನಲ್ಲಿ ಅವರ ಕೆಲಸ: ವಾಹನ ಚಾಲಕ. 14ನೇ ಕಲಂ, ಅಂದರೆ ಸೇನಾ ಶಿಕ್ಷಣದಲ್ಲಿ, ಒಂದೇ ಸಾಲು: ಕಾಂಬ್ಯಾಟಿವ್ಸ್ (ಸೇನೆಯ ಕೈಕಾಳಗ ತರಬೇತಿ) ಲೆವೆಲ್ 1, 1 ವಾರ. ವಿಶೇಷ ಪಡೆಯ ಸುಳಿವೇ ಇಲ್ಲ.

ನನಗೆ ಹೊಸದಾಗಿ ತಿಳಿದದ್ದು: ಲೆವೆಲ್ 1 ಎಂದರೆ 40 ಗಂಟೆಯ ಪ್ರಾಥಮಿಕ ಕೋರ್ಸ್, ಲೆವೆಲ್ 2 ಆದರೆ 80 ಗಂಟೆ. ಲೆವೆಲ್ 1 ಮುಗಿಸಿದವರು ತಮ್ಮ ಪ್ಲಟೂನಿಗೆ (ಸಣ್ಣ ತುಕಡಿಗೆ) ಮೂಲ ಪಟ್ಟುಗಳನ್ನು ಹೇಳಿಕೊಡಬಹುದು. ‘ಸೇನೆಯಲ್ಲಿ ಕಲಿಸಿದ್ದೆ’ ಎಂಬ ಮಾತು ಅಲ್ಲಿಂದ ಬೆಳೆದಿರಬೇಕು.

ಸಮವಸ್ತ್ರದ ಫೋಟೊ, ಬ್ಯಾಡ್ಜ್ ನೋಡಿ ಎಂದ ಸಲಹೆಯಿಂದ ಏನೂ ಆಗಲಿಲ್ಲ. ಅವು ದುಡ್ಡಿಗೆ ಸಿಗುತ್ತವೆ. ‘ಗೋಪ್ಯ ಕೆಲಸ, ದಾಖಲೆ ಇರಲ್ಲ’ ಎಂಬುದನ್ನೂ ಒಪ್ಪಬೇಡಿ. ಕಾರ್ಯಾಚರಣೆ ಗೋಪ್ಯವಾಗಿದ್ದರೂ ಪಡೆದ ತರಬೇತಿ ಸೇವಾ ದಾಖಲೆಯಲ್ಲಿ ಇರುತ್ತದೆ.

ಪತ್ರ ತೋರಿಸಲು ಒಪ್ಪದಿದ್ದರೆ ಅಮೆರಿಕದ ಸೇಂಟ್ ಲೂಯಿಸ್‌ನ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಎಸ್‌ಎಫ್-180 (ಸೇವಾ ದಾಖಲೆ ಕೇಳುವ ನಮೂನೆ) ಅರ್ಜಿ ಹಾಕಿ. ಪೂರ್ತಿ ಹೆಸರು, ಯಾವ ಪಡೆ, ಸೇವೆಯ ವರ್ಷಗಳು ಬೇಕು; ಹುಟ್ಟಿದ ದಿನಾಂಕವಿದ್ದರೆ ಹುಡುಕುವುದು ಸಲೀಸು. ಅಲ್ಲಿನ ಮಾಹಿತಿ ಹಕ್ಕಿನಡಿ ಹೊರಗಿನವರಿಗೂ ಸೇವಾ ಅವಧಿ, ಹುದ್ದೆ, ತರಬೇತಿ, ಪದಕಗಳ ವಿವರ ಸಿಗುತ್ತದೆ. ಒಂದು ಎಚ್ಚರ: ಆ ಕೇಂದ್ರಕ್ಕೆ 1973ರಲ್ಲಿ ಬಿದ್ದ ಬೆಂಕಿಯಲ್ಲಿ, 1912ರಿಂದ 1960ರೊಳಗೆ ಭೂಸೇನೆಯಿಂದ ಬಿಡುಗಡೆಯಾದವರ ಸುಮಾರು 80% ಕಡತಗಳು ಸುಟ್ಟುಹೋಗಿವೆ. ಆ ಕಾಲದವರ ದಾಖಲೆ ಸಿಗಲಿಲ್ಲವೆಂದು ಸುಳ್ಳುಗಾರರು ಎನ್ನಬೇಡಿ.