ಪೈನ್ ಮೇಜಿಗೆ ಗಾಢ ಬಣ್ಣ ಮತ್ತು ಆಳವಾದ ಹೊಳಪು ತರುವುದು ಹೇಗೆ?

ಪ್ರಶ್ನೆ:

ಪೈನ್ ಹಲಗೆಗಳಿಂದ ಓದುವ ಮೇಜೊಂದನ್ನು ಮನೆಯಲ್ಲೇ ಮಾಡಿದ್ದೇನೆ. ಜೋಡಣೆ ಮುಗಿದಿದೆ, ಬಣ್ಣ ಇನ್ನೂ ಹಚ್ಚಿಲ್ಲ. ಹಳೆಯ ಬೀಟೆ ಮರದ ಪೀಠೋಪಕರಣಗಳಲ್ಲಿ ಕಾಣುವ ಕಪ್ಪಿಗೆ ಹತ್ತಿರವಾದ ಕಂದು ಬಣ್ಣವೂ, ಅದರ ಮೇಲೆ ಆಳವಾದ ಹೊಳಪೂ ಬೇಕೆಂಬುದು ನನ್ನ ಆಸೆ. ಮಿಕ್ಕ ತುಂಡೊಂದರ ಮೇಲೆ ಎಣ್ಣೆ ಆಧಾರಿತ ಗಾಢ ಸ್ಟೇನ್ (ಮರಕ್ಕೆ ಬಣ್ಣ ಕೊಡುವ ದ್ರವ) ಹಚ್ಚಿ ನೋಡಿದಾಗ ಬಣ್ಣ ಒಂದೆಡೆ ದಟ್ಟವಾಗಿ, ಪಕ್ಕದಲ್ಲೇ ತೆಳುವಾಗಿ ಕೂತಿತು. ಹಲಗೆಯ ಕೊಯ್ದ ತುದಿಯಂತೂ ಕಡುಗಪ್ಪಾಯಿತು. ಸ್ಟೇನ್ ಮತ್ತು ವಾರ್ನಿಷ್ ಒಂದೇ ಡಬ್ಬಿಯಲ್ಲಿ ಬೆರೆತು ಬರುವ ಉತ್ಪನ್ನವನ್ನು ಇನ್ನೊಂದು ತುಂಡಿಗೆ ಬಳಿದರೆ, ಬ್ರಷ್ ಎರಡು ಸಲ ಹಾದ ಕಡೆಯೆಲ್ಲ ಪಟ್ಟೆಗಳು ಎದ್ದು ಕಾಣುತ್ತಿವೆ, ಮರದ ಎಳೆಯೂ ಮಂಕಾಗಿದೆ. ಮೇಜಿಗೆ ಕೈ ಹಾಕುವ ಮೊದಲು ಸರಿಯಾದ ಕ್ರಮ ಯಾವುದೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1:

ನೀವು ಬಯಸುತ್ತಿರುವುದು ಎರಡು ಬೇರೆ ಬೇರೆ ಕೆಲಸಗಳ ಫಲ. ಗಾಢತೆಯನ್ನು ಮರಕ್ಕೆ ಕೊಡಬೇಕು, ಹೊಳಪನ್ನು ಅದರ ಮೇಲಿನ ಪಾರದರ್ಶಕ ಪದರಕ್ಕೆ ಬಿಡಬೇಕು. ಒಂದೇ ಡಬ್ಬಿಯ ಮಿಶ್ರಣದಲ್ಲಿ ಬಣ್ಣದ ಕಣಗಳು ವಾರ್ನಿಷ್‌ನೊಳಗೇ ಉಳಿಯುವುದರಿಂದ ಪದರ ದಪ್ಪವಾದಲ್ಲಿ ಕಪ್ಪು, ತೆಳುವಾದಲ್ಲಿ ಕಂದು ಕಾಣುತ್ತದೆ. ಮುಂದೆ ಗೀರು ಬಿದ್ದರೆ ಕೆಳಗಿನ ಬಿಳಿಚಿದ ಮರ ಇಣುಕುತ್ತದೆ. ದಿನವೂ ಬಳಸುವ ಮೇಜಿಗೆ ಅದು ಖಂಡಿತ ಬೇಡ.

ಬಣ್ಣ ಏಕರೂಪವಾಗದಿರುವುದಕ್ಕೆ ಕಾರಣ ಪೈನ್ ಮರದ ರಚನೆಯಲ್ಲೇ ಇದೆ. ಅದರ ವಾರ್ಷಿಕ ಉಂಗುರಗಳಲ್ಲಿ ಋತುವಿನ ಆರಂಭದಲ್ಲಿ ಬೆಳೆದ ಭಾಗ ಮೆದು, ಕೊನೆಯಲ್ಲಿ ಬೆಳೆದ ಭಾಗ ಗಟ್ಟಿ. ಮೆದು ಭಾಗ ಸ್ಟೇನನ್ನು ಹೀರಿ ಕಪ್ಪಾಗುತ್ತದೆ, ಸಹಜವಾಗಿ ಗಾಢವಾಗಿರುವ ಗಟ್ಟಿ ಗೆರೆಯೇ ತಿಳಿಯಾಗಿ ಉಳಿಯುತ್ತದೆ, ಹೀಗಾಗಿ ಮರದ ಚಿತ್ತಾರವೇ ತಿರುಗುಮುರುಗಾಗುತ್ತದೆ. ಇದನ್ನು ತಡೆಯಲು ಮೊದಲು ಮೇಣ ತೆಗೆದ ಅರಗನ್ನು, ಅಂದರೆ ಶೆಲಾಕನ್ನು, ಒಂದು ಲೀಟರ್ ಸ್ಪಿರಿಟ್‌ಗೆ ಸುಮಾರು 60ರಿಂದ 120 ಗ್ರಾಂ ಪ್ರಮಾಣದಲ್ಲಿ ಕರಗಿಸಿ, ಒಂದೇ ಒಂದು ತೆಳು ಲೇಪ ಕೊಟ್ಟು, ಒಣಗಿದ ಮೇಲೆ 320ರ ಮರಳು ಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಹಗುರವಾಗಿ ಸವರಿ. ಹೀಗೆ ಅರ್ಧ ಮುಚ್ಚಿದ ಮರ ಕಡಿಮೆ ಬಣ್ಣ ಹೀರುತ್ತದೆ, ಆದ್ದರಿಂದ ನೀರಿನಂತೆ ಹರಿಯುವ ಸ್ಟೇನ್ ಬಿಟ್ಟು ಜೆಲ್ ಸ್ಟೇನ್ ಬಳಸಿ. ಅದು ಮೇಲ್ಮೈಯಲ್ಲೇ ನಿಲ್ಲುತ್ತದೆ. ಬಟ್ಟೆಯಿಂದ ಹಚ್ಚಿ, ಅಂಟುವ ಮೊದಲೇ ಹೆಚ್ಚಿನದನ್ನು ಎಳೆಯ ಜಾಡಿನಲ್ಲಿ ಒರೆಸಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟು, ಮೇಲೆ ಮತ್ತೆ ತೆಳು ಅರಗಿನ ಲೇಪ ಕೊಟ್ಟು, ನಂತರ ಎರಡನೆಯ ಬಾರಿ ಜೆಲ್ ಹಚ್ಚಿದರೆ ನೀವು ಹೇಳಿದ ಗಾಢ ಕಂದು ಬರುತ್ತದೆ. ನಡುವಿನ ಅರಗು ಎರಡನೆಯ ಬಣ್ಣ ಮೊದಲನೆಯದನ್ನು ಕರಗಿಸದಂತೆ ಕಾಯುತ್ತದೆ.

ಇದಕ್ಕೂ ಮೊದಲಿನ ಉಜ್ಜುವಿಕೆಯಲ್ಲಿ ಅವಸರ ಬೇಡ. 120, 150, 180 ಹೀಗೆ ಹಂತಹಂತವಾಗಿ, ಎಳೆಯ ಜಾಡಿನಲ್ಲೇ ಉಜ್ಜಿ. ಕೊಯ್ದ ತುದಿಗಳನ್ನು ಮಾತ್ರ 320ರವರೆಗೆ ನಯಗೊಳಿಸಿದರೆ ಅವು ಕಡುಗಪ್ಪಾಗುವುದು ಕಡಿಮೆಯಾಗುತ್ತದೆ. ಆಮೇಲೆ ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಹಲಗೆಗೆ ತಾಗುವಂತೆ ಮಲಗಿಸಿ ಹಿಡಿದರೆ ಅಡ್ಡ ಗೀರುಗಳೆಲ್ಲ ಕಾಣಿಸುತ್ತವೆ. ಟರ್ಪೆಂಟೈನ್ ಒದ್ದೆ ಮಾಡಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಕೂಡುಗೆಯಲ್ಲಿ ಉಳಿದ ಅಂಟು ತಿಳಿ ಕಲೆಯಾಗಿ ಗುರುತಾಗುತ್ತದೆ. ಅದನ್ನು ಈಗಲೇ ಕೆರೆದು ತೆಗೆಯಬೇಕು, ಬಣ್ಣ ಹಚ್ಚಿದ ಮೇಲೆ ಆ ಅವಕಾಶ ಇರುವುದಿಲ್ಲ.

ಉತ್ತರ 2:

ಮೇಲಿನವರು ಬಣ್ಣದ ಬಗ್ಗೆ ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಹೊಳಪಿನ ವಿಷಯಕ್ಕೆ ಬಂದರೆ, ಮೇಲ್ಮೈ ಸಮತಟ್ಟಾಗಿದ್ದಾಗ ಬೆಳಕು ಚದುರದೆ ಒಂದೇ ದಿಕ್ಕಿಗೆ ಮರಳುವುದೇ ಹೊಳಪು. ಅರೆಹೊಳಪಿನ ಸ್ಯಾಟಿನ್ ಮತ್ತು ಹೊಳಪಿಲ್ಲದ ಮ್ಯಾಟ್ ವಾರ್ನಿಷ್‌ಗಳಲ್ಲಿ ಬೆಳಕನ್ನು ಚದುರಿಸಲೆಂದೇ ಸಿಲಿಕಾ ಪುಡಿ ಬೆರೆಸಿರುತ್ತಾರೆ. ಗಾಢ ಬಣ್ಣದ ಮೇಲೆ ಅಂಥ ಪದರಗಳು ಒಂದರ ಮೇಲೊಂದು ಕೂತರೆ ತೆಳು ಮಂಜು ಕವಿದಂತೆ ಕಾಣುತ್ತದೆ. ಆದ್ದರಿಂದ ಕೆಳಗಿನ ಪದರದಿಂದ ಮೇಲಿನದರವರೆಗೆ ಪೂರ್ಣ ಹೊಳಪಿನ (ಗ್ಲಾಸಿ) ವಾರ್ನಿಷ್ ಒಂದನ್ನೇ ಬಳಸಿ.

ಅರಗಿನ ಫ್ರೆಂಚ್ ಪಾಲಿಶ್‌ಗಿರುವ ಆಳ ಬೇರೆ ಯಾವುದಕ್ಕೂ ಇಲ್ಲವೆಂಬುದು ನನ್ನ ದೃಢ ಅಭಿಪ್ರಾಯ, ಆದರೂ ಓದುವ ಮೇಜಿಗೆ ಅದನ್ನು ಸೂಚಿಸಲಾರೆ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಸ್ಪಿರಿಟ್ ಚೆಲ್ಲಿದರೆ ಕರಗುತ್ತದೆ. ನಿಮಗೆ ಎಣ್ಣೆ ಆಧಾರಿತ ಪಾಲಿಯುರೇಥೇನ್ ಎಂಬ ಗಟ್ಟಿ ವಾರ್ನಿಷ್ ಸೂಕ್ತ. ಅದರ ನಸು ಹಳದಿ ಛಾಯೆ ಕಂದು ಬಣ್ಣಕ್ಕೆ ಬೆಚ್ಚನೆಯ ಗುಣ ಕೊಡುತ್ತದೆ. ಸ್ವಲ್ಪ ತೆಳುಗೊಳಿಸಿ ನಾಲ್ಕೈದು ಪದರ ಕೊಡಿ, ಪ್ರತಿ ಪದರ ಒಣಗಿದ ಮೇಲೆ 320ರಿಂದ ಮಟ್ಟ ಮಾಡಿ. ಅಂಚುಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿ ಕೈ ಬಿಗಿಯಾಗಿ ಒತ್ತಿದರೆ ಬಣ್ಣವೇ ಕಿತ್ತುಬರುತ್ತದೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆಗಳು. ಕೊನೆಯ ಪದರದ ಮೇಲೆ ಧೂಳಿನ ಕಣಗಳು ಕೂತರೆ 1000, 2000ರ ಕಾಗದದಿಂದ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್‌ನಿಂದ (ಉಜ್ಜಿ ಹೊಳಪು ತರುವ ಲೇಪ) ಹೊಳಪು ಮರಳಿಸಬಹುದೇ? ಹಾಗೆಯೇ, ಕಬ್ಬಿಣದ ಉಣ್ಣೆಯನ್ನು (ಸ್ಟೀಲ್ ವುಲ್) ವಿನೆಗರ್‌ನಲ್ಲಿ ನೆನೆಸಿದ ದ್ರಾವಣದಿಂದ ಮರವನ್ನು ಕಪ್ಪಾಗಿಸುವ ವಿಧಾನ ಪೈನ್‌ಗೆ ಒಗ್ಗುತ್ತದೆಯೇ?

ಉತ್ತರ 1:

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಆ ದ್ರಾವಣದ ಕಬ್ಬಿಣ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ವರ್ತಿಸಿ ಕಪ್ಪಾಗುತ್ತದೆ. ಓಕ್‌ನಲ್ಲಿ ಟ್ಯಾನಿನ್ ಹೇರಳ, ಪೈನ್‌ನಲ್ಲಿ ಕಡಿಮೆ. ಮೊದಲು ಗಟ್ಟಿ ಚಹಾದ ಡಿಕಾಕ್ಷನ್ ಹಚ್ಚಿ ಒಣಗಿಸಿದರೆ ಕಪ್ಪಾದೀತು, ಆದರೆ ಬರುವುದು ಬೂದುಗಪ್ಪು, ನಿಮಗೆ ಬೇಕಾದ ಗಾಢ ಕಂದು ಅಲ್ಲ.

ಉಜ್ಜಿ ಹೊಳಪು ಮರಳಿಸಬಹುದು, ಆದರೆ ಪಾಲಿಯುರೇಥೇನ್‌ನ ಹೊಸ ಪದರ ಹಳೆಯದರೊಳಗೆ ಕರಗಿ ಒಂದಾಗುವುದಿಲ್ಲ. ಉಜ್ಜುವಾಗ ಮೇಲಿನ ಪದರ ಸವೆದು ಕೆಳಗಿನದು ತೆರೆದುಕೊಂಡರೆ ನಕ್ಷೆಯ ಗೆರೆಗಳಂಥ ಅಂಚು ಮೂಡುತ್ತದೆ, ಗಾಢ ಬಣ್ಣದ ಮೇಲೆ ಅದು ಇನ್ನಷ್ಟು ಎದ್ದು ಕಾಣುತ್ತದೆ. ಹಾಗಾಗಿ ಉಜ್ಜುವ ಉದ್ದೇಶವಿದ್ದರೆ ಕೊನೆಯ ಎರಡು ಪದರಗಳನ್ನು ನಡುವೆ ಉಜ್ಜದೆ, ಡಬ್ಬಿಯ ಮೇಲೆ ಸೂಚಿಸಿದ ಅವಧಿಯೊಳಗೆ ಕೊಟ್ಟು ದಪ್ಪ ಮಾಡಿಕೊಳ್ಳಿ, ಮೂರು ನಾಲ್ಕು ವಾರ ಮುಟ್ಟದೆ ಬಿಡಿ. ಮೂಗು ಹತ್ತಿರ ತಂದಾಗ ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಪದರ ಪಕ್ವವಾಗಿಲ್ಲ ಎಂದೇ ತಿಳಿಯಬೇಕು.

ಸ್ಟೇನ್ ಮತ್ತು ವಾರ್ನಿಷ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿಯೊಂದಿಗೆ ವರ್ತಿಸುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಒಂದೊಂದನ್ನೂ ಬಿಡಿಸಿ ಹೊರಗೆ ಹರಡಿ, ಪೂರ್ತಿ ಗಡುಸಾಗಿ ಒಣಗಿದ ಮೇಲಷ್ಟೇ ಕಸಕ್ಕೆ ಹಾಕಿ.