ಕವಲೇದುರ್ಗ ಕೋಟೆ ಚಾರಣದ ಪೋಸ್ಟರ್‌ನಲ್ಲಿ ‘ಅತಿ ಸುಲಭ’ ಅಂತ ಬರೆದದ್ದು ಯಾರು?

ಅಡ್ಮಿನ್: ಫಾರ್ವರ್ಡ್ ಆಗಿ ಬಂದಿದ್ದು, ನೋಡಿ 👇
“ಮಳೆಯಲ್ಲಿ ಕವಲೇದುರ್ಗ! ಜುಲೈ ಕೊನೇ ಭಾನುವಾರ, 38 ಸೀಟು. 11 ಗಂಟೆಗೆ ಹತ್ತಲು ಶುರು. ಅತಿ ಸುಲಭ, ಮಕ್ಕಳು ಹಿರಿಯರು ಎಲ್ಲರಿಗೂ. ಜೀನ್ಸ್, ಟೀಶರ್ಟ್, ಛತ್ರಿ ಸಾಕು. ಟಿಪ್ಪು ಕಟ್ಟಿಸಿದ ಕೋಟೆಗೋಡೆ ಮೇಲೆ ಗ್ರೂಪ್ ಫೋಟೊ!”

ಮೇಷ್ಟ್ರು: ಮೊದಲು ಟಿಪ್ಪು ಹೆಸರು ತೆಗೀರಿ. ಅದು ಕೆಳದಿ ನಾಯಕರ ಕೋಟೆ, ಭುವನಗಿರಿ ಅಂತಲೂ ಹೆಸರು. ಟಿಪ್ಪುವಿನ ತಂದೆ ಹೈದರ್ ಅವರ ರಾಜಧಾನಿ ಬಿದನೂರು ಹಿಡಿದದ್ದೇ 1763ರಲ್ಲಿ.

ಕೊನೇ ಬೆಂಚು: ಕಟ್ಟಿಸಿದ್ದು ಯಾರಾದ್ರೇನು ಸಾರ್, ನೆನೆಯೋದು ನಾವು 😄 ಗದ್ದೆ ದಾಟಿದ್ರೆ ಕಲ್ಲುಹಾಸಿನ ದಾರಿ, ಮೂರು ಸುತ್ತು ಕೋಟೆ, ಮೇಲೆ ಶಿಖರೇಶ್ವರ ದೇವಸ್ಥಾನ. ಇದರಲ್ಲಿ ಕಷ್ಟ ಏನಿದೆ?

ಎನ್‌ಸಿಸಿ: ಆ ಕಲ್ಲುಹಾಸೇ ಕಷ್ಟ. ಹತ್ತುವಾಗ ಗೊತ್ತಾಗಲ್ಲ, ಇಳಿಯುವಾಗ ಜನ ಬೀಳ್ತಾರೆ. ಕಲ್ಲಿನ ನಡುಭಾಗ ಸವೆದು ನುಣುಪಾಗಿರುತ್ತೆ, ಮೇಲೆ ಪಾಚಿ. ಎರಡು ಕಲ್ಲು ಕೂಡೋ ಸಂದಿಯಲ್ಲಿ, ಹುಲ್ಲು ಹುಟ್ಟಿರೋ ಕಡೆ ಕಾಲಿಡಬೇಕು. ಹಿಮ್ಮಡಿ ಮೊದಲು ಊರಬಾರದು, ಇಡೀ ಪಾದ ಊರಿ ಗಿಡ್ಡ ಹೆಜ್ಜೆ ಹಾಕಬೇಕು.

ಕೊನೇ ಬೆಂಚು: ಒಳ್ಳೇ ಶೂ ಹಾಕಿದ್ರೆ ಆಯ್ತಪ್ಪ. ಆಳವಾದ ಹಲ್ಲಿರೋ ಸೋಲ್.

ಎನ್‌ಸಿಸಿ: ಹಲ್ಲು ಕಚ್ಚೋದು ಕೆಸರನ್ನ. ಗದ್ದೆ ಅಂಚಲ್ಲಿ ಅದು ಸರಿ. ಒದ್ದೆ ಕಲ್ಲಿನ ಮೇಲೆ ಹಿಡಿಯೋದು ಮೆತ್ತನೆ ರಬ್ಬರ್. ಉಗುರಲ್ಲಿ ಒತ್ತಿದ್ರೆ ಸ್ವಲ್ಪವೂ ತಗ್ಗದ ಸೋಲ್ ಆದ್ರೆ ಬೇಡ. ಗಟ್ಟಿ ಪ್ಲಾಸ್ಟಿಕ್ಕಿನ ಗಮ್‌ಬೂಟಂತೂ ಬೇಡವೇ ಬೇಡ.

ಸಿವಿಲ್: ಫೋಟೊ ವಿಷಯ ಯಾರೂ ಮಾತಾಡ್ತಿಲ್ಲ. ಗೋಡೆ ಮೇಲೆ 38 ಜನ?! ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿದ ಗೋಡೆ ನಿಂತಿರೋದು ಸ್ವಂತ ಭಾರದಿಂದ. ಒಳಗಡೆ ಮಣ್ಣು ತುಂಬಿರೋ ಕಡೆ ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಗೋಡೆಯನ್ನ ಹೊರಕ್ಕೆ ತಳ್ಳುತ್ತೆ. ನೀರು ಬಸಿಯೋ ಸಂದಿಗಳಲ್ಲಿ ಬೇರು ತುಂಬಿದ್ರೆ ಒತ್ತಡ ಇನ್ನೂ ಜಾಸ್ತಿ. ಮೇಲಿನ ಅಂಚಿನ ಕಲ್ಲು ಮೊದಲು ಸಡಿಲ ಆಗೋದು, ಹುಲ್ಲು ಬೆಳೆದು ಅದು ಕಾಣೋದೂ ಇಲ್ಲ. ಕೆಳಗೆ, ಬಾಗಿಲ ಮುಂದೆ ನಿಂತು ತೆಗೀರಿ. ಫೋಟೊಗೂ ಅದೇ ಚೆಂದ.

ಅಡ್ಮಿನ್: ಆಯ್ತು, ಗೋಡೆ ಕ್ಯಾನ್ಸಲ್. ಮಕ್ಕಳು?

ಸಿವಿಲ್: ಒಳಗಿನ ಕೊಳಗಳನ್ನ ನೋಡ್ಕೊಳ್ಳಿ. ಮಳೇಲಿ ತುಂಬಿರುತ್ತೆ, ಕಳೆ ಮುಚ್ಚಿದ್ರೆ ಹಸಿರು ನೆಲದ ಹಾಗೇ ಕಾಣುತ್ತೆ. ಒಂದು ಮಗುವಿಗೆ ಒಬ್ಬ ದೊಡ್ಡವರು, ಹೆಸರು ಹಿಡಿದು ಬರೆದಿಡಿ. “ಎಲ್ಲರೂ ನೋಡ್ಕೋತೀವಿ” ಅಂದ್ರೆ ಯಾರೂ ನೋಡಲ್ಲ.

ಕೊನೇ ಬೆಂಚು: ಉಂಬಳಕ್ಕೆ (ಜಿಗಣೆ) ಉಪ್ಪಿನ ಗಂಟು ನಾನು ತರ್ತೀನಿ.

ಡಾಕ್ಟ್ರು: ಆ ಮಳೇಲಿ ಹತ್ತು ನಿಮಿಷಕ್ಕೆ ಉಪ್ಪು ತೊಳೆದು ಹೋಗುತ್ತೆ. ಒತ್ತು ನೇಯ್ಗೆಯ ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತೂರಿಸಿ. ಕಚ್ಚಿ ಹಿಡಿದಿರೋ ಉಂಬಳದ ಮೇಲೆ ಉಪ್ಪು, ಬೆಂಕಿಕಡ್ಡಿ ಎರಡೂ ಬೇಡ, ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿ ಬಾಯಿ. ಉಗುರಿಂದ ಅದನ್ನ ಮೊದಲು ಪಕ್ಕಕ್ಕೆ ಜಾರಿಸಿ, ಆಮೇಲೆ ದಪ್ಪ ತುದಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್ ಥರದ ರಸ ಬಿಡೋದ್ರಿಂದ ಕೆಲವು ಗಂಟೆ ಜಿನುಗಬಹುದು. ತೊಳೆದು ಬಟ್ಟೆ ಒತ್ತಿ ಕಟ್ಟಿ, ಗಾಬರಿ ಬೇಡ.

ಡಾಕ್ಟ್ರು: ಮತ್ತೆ ಜೀನ್ಸ್ ಬೇಡ. ನೆನೆದ್ರೆ ಭಾರ, ಒಣಗಲ್ಲ, ತುದೀಲಿ ಗಾಳಿಗೆ ಮೈ ನಡುಗಿಸುತ್ತೆ.

ಎನ್‌ಸಿಸಿ: ಛತ್ರಿಯೂ ಬೇಡ. ಒಂದು ಕೈ ಹಿಡಿದುಕೊಳ್ಳುತ್ತೆ.

ಮೇಷ್ಟ್ರು: ಇದನ್ನ ಒಪ್ಪಲ್ಲ. ಮಲೆನಾಡಲ್ಲಿ ಛತ್ರಿ ಬಿಟ್ಟು ಯಾರು ನಡೀತಾರೆ? ಮೈತುಂಬ ಹೊದೆಯೋ ನಿಮ್ಮ ಪೊಂಚೊ ಹಾಕ್ಕೊಂಡ್ರೆ ಇಳಿಯುವಾಗ ಸ್ವಂತ ಪಾದವೇ ಕಾಣಲ್ಲ.

ಎನ್‌ಸಿಸಿ: ಪೊಂಚೊ ಅಂದಿಲ್ಲ ಸಾರ್. ಸೊಂಟದವರೆಗಿನ ಜಾಕೆಟ್. ಒಂದು ಕೈಗೆ ಕೋಲು, ಇನ್ನೊಂದು ಖಾಲಿ.

ಅಡ್ಮಿನ್: ಸಿಡಿಲು?

ಮೇಷ್ಟ್ರು: ಜುಲೈ ಮಳೇಲಿ ಗುಡುಗು ಕಮ್ಮಿ. ಏಪ್ರಿಲ್–ಮೇ, ಅಕ್ಟೋಬರ್‌ನಲ್ಲಿ ಅದರ ಕಾಟ. ಜುಲೈನಲ್ಲಿ ಮಂಜು, ಗಾಳಿ. ಹಾಗಂತ ಗುಡುಗು ಕೇಳಿಸಿದ್ರೆ ಶಿಖರೇಶ್ವರದ ಬಂಡೆ ಮೇಲೆ ನಿಲ್ಲಬೇಡಿ, ತೆರೆದ ಮಂಟಪವೂ ಆಸರೆ ಅಲ್ಲ.

ಎನ್‌ಸಿಸಿ: ಮಂಜು ಬಂದ್ರೆ 38 ಜನದ ಸಾಲು ಹರಿದು ಹೋಗುತ್ತೆ. ನನ್ನ ದೊಡ್ಡ ತಕರಾರು ಇದೇ. ಮೂರು ತಂಡ ಮಾಡಿ, ಪ್ರತಿ ತಂಡಕ್ಕೂ ಮುಂದೊಬ್ಬ, ಹಿಂದೊಬ್ಬ. ಹಿಂದಿನವನ ಹತ್ರ ಔಷಧಿ ಚೀಲ, ಸೀಟಿ. ಅವನಿಗಿಂತ ಹಿಂದೆ ಯಾರೂ ಉಳೀಬಾರದು. ಪ್ರತಿ ಹೆಬ್ಬಾಗಿಲಲ್ಲೂ ತಲೆ ಎಣಿಸಿ, ಆ ಬಾಗಿಲುಗಳಲ್ಲಿ ಕಾವಲುಗಾರರು ಮಾಡ್ತಿದ್ದ ಕೆಲಸವೂ ಅದೇ ತಾನೇ. ಫೋನ್ ಸಿಗ್ನಲ್ ನಂಬಬೇಡಿ. ಮೂರು ಸೀಟಿ ಅಂದ್ರೆ ಎಲ್ಲರೂ ನಿಂತಲ್ಲೇ ನಿಲ್ಲೋದು.

ಎನ್‌ಸಿಸಿ: ಶುರು 8ಕ್ಕೆ, 11ಕ್ಕಲ್ಲ. ತುದಿ ತಲುಪಲಿ ಬಿಡಲಿ, 12ಕ್ಕೆ ವಾಪಸ್.

ಕೊನೇ ಬೆಂಚು: ಇಷ್ಟೆಲ್ಲ ಮಾಡೋ ಬದಲು ಡಿಸೆಂಬರ್‌ನಲ್ಲಿ ಹೋಗೋಣ!

ಮೇಷ್ಟ್ರು: ಮಳೇಲಿ ಕಾಣೋ ಕವಲೇದುರ್ಗ ಡಿಸೆಂಬರ್‌ನಲ್ಲಿ ಇರಲ್ಲ. ಹೋಗೋಣ. ಆದ್ರೆ ಹಿಂದಿನ ಸಂಜೆ ಹವಾಮಾನ ಇಲಾಖೆ ಶಿವಮೊಗ್ಗಕ್ಕೆ ಏನು ಹೇಳುತ್ತೆ ನೋಡಿ. ಆರೆಂಜ್ ಅಲರ್ಟ್ ಅಂದ್ರೆ 24 ಗಂಟೇಲಿ 115.6ರಿಂದ 204.4 ಮಿ.ಮೀ. ಮಳೆ. ಪಕ್ಕದಲ್ಲೇ ಆಗುಂಬೆ ಇದೆ, ಲೆಕ್ಕ ಹಾಕಿ.

ಅಡ್ಮಿನ್: ಬಸ್ ಅಡ್ವಾನ್ಸ್ ಹೋಗುತ್ತಲ್ಲ ಸಾರ್ 😐

ಸಿವಿಲ್: ಬುಕ್ ಮಾಡೋವಾಗಲೇ “ಅಲರ್ಟ್ ಬಂದ್ರೆ ಮುಂದಿನ ಭಾನುವಾರ” ಅಂತ ಬರೆಸಿಕೊಳ್ಳಿ. ಇಲ್ಲಾಂದ್ರೆ ಅಡ್ವಾನ್ಸ್ ಉಳಿಸೋಕೇ ಎಲ್ಲರೂ ಹತ್ತೋಣ ಅಂತಾರೆ.

ಅಡ್ಮಿನ್: ಸರಿ, 8 ಗಂಟೆ, ಮೂರು ತಂಡ, ಆರೆಂಜ್ ಬಂದ್ರೆ ಮುಂದಿನ ವಾರ. ಹೊಸ ಪೋಸ್ಟರ್ ರಾತ್ರಿ ಹಾಕ್ತೀನಿ. ಛತ್ರಿ ನಿಮ್ಮಿಷ್ಟ.

ಎನ್‌ಸಿಸಿ: ನಿಮ್ಮಿಷ್ಟ ಅಲ್ಲ. ಬಸ್ಸಲ್ಲೇ ಬಿಡಿ.

ಡಾಕ್ಟ್ರು: ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಹೆಸರು ಕೊಡೋ ಮೊದಲು ನನಗೆ ಪ್ರತ್ಯೇಕವಾಗಿ ಮೆಸೇಜ್ ಮಾಡಿ. ಗ್ರೂಪಲ್ಲಿ ಬೇಡ.