ಮೂತ್ರದಲ್ಲಿ ಪ್ರೋಟೀನ್: ನನ್ನ ಮಗಳಿಗೂ ಬರಬಹುದೇ?

ಶನಿವಾರಸಂತೆಯವ:
ಅಕ್ಕನ ಮಗನಿಗೆ 9 ವರ್ಷ. ಜ್ವರ ಬಂದಾಗ ಮಾಡಿಸಿದ ಮೂತ್ರ ಪರೀಕ್ಷೆಯಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎರಡು ಪ್ಲಸ್, ಜೊತೆಗೆ ರಕ್ತಕಣ. ಜ್ವರಕ್ಕೆ ಹಾಗಾಗುತ್ತದೆ ಎಂದು ಸುಮ್ಮನಿದ್ದೆವು. ಮೂರು ವಾರ ಬಿಟ್ಟು ಮಾಡಿಸಿದರೂ ಅದೇ. ನನ್ನ ಸೋದರಮಾವನಿಗೆ 34ಕ್ಕೇ ಡಯಾಲಿಸಿಸ್ ಶುರುವಾಗಿತ್ತು. ಕಾಫಿ ಕೊಯ್ಲಿನ ನಡುವೆಯೂ ವಾರಕ್ಕೆರಡು ದಿನ ಮಡಿಕೇರಿ ಬಸ್ ಹತ್ತುತ್ತಿದ್ದರು. ಕಿವಿಯೂ ಮಂದ. ಕಣದ ಈ ತುದಿಯಿಂದ ಕೂಗಿ, ಅವರು ತಿರುಗದಿದ್ದರೆ ನಾವು ಹುಡುಗರು ನಗುತ್ತಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಮ್ಮನ ಮೂತ್ರದಲ್ಲೂ ರಕ್ತದ ಅಂಶವಿದೆ, ಆದರೆ 62ರಲ್ಲೂ ತೋಟ ಸುತ್ತುತ್ತಾರೆ. ನನ್ನ ಪರೀಕ್ಷೆ ಎರಡು ಸಲವೂ ಚೊಕ್ಕ. ಹಾಗಿದ್ದರೂ ನನ್ನ ಮೂಲಕ ಮಗಳಿಗೆ ದಾಟಬಹುದೇ? ಭಾವನ ಮನೆಯವರಂತೂ ಅಕ್ಕನನ್ನೇ ದೂರುತ್ತಿದ್ದಾರೆ.

ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ವಿರಾಜಪೇಟೆ:
ಕಿವಿಯ ವಿಷಯ ಬರೆದದ್ದು ಒಳ್ಳೆಯದಾಯಿತು. ಮೂತ್ರಪಿಂಡ, ಕಿವಿ ಎರಡೂ ಒಂದೇ ಮನೆತನದಲ್ಲಿ ಕೆಟ್ಟರೆ ವೈದ್ಯರಿಗೆ ಮೊದಲು ನೆನಪಾಗುವುದು ಆಲ್ಪೋರ್ಟ್ ಸಿಂಡ್ರೋಮ್. ಮೂತ್ರಪಿಂಡದಲ್ಲಿ ರಕ್ತ ಸೋಸುವ ಪೊರೆಗೆ ಬಲ ಕೊಡುವ ಕೊಲಾಜನ್ ಎಂಬ ನಾರಿನಲ್ಲಿ ದೋಷ. ಮೊದಲು ರಕ್ತ, ಆಮೇಲೆ ಪ್ರೋಟೀನ್. ಹೆಚ್ಚಿನ ಮನೆಗಳಲ್ಲಿ ಆ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಅದಿರುವ ತಾಯಿಯಿಂದ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ತಂದೆಗಿದ್ದರೆ ಹೆಣ್ಣುಮಕ್ಕಳಿಗೆಲ್ಲ ಬರುತ್ತದೆ, ಗಂಡುಮಕ್ಕಳಿಗೆ ಇಲ್ಲ. ಗಂಡಸರಿಗೆ ಎಕ್ಸ್ ಒಂದೇ ಆದ್ದರಿಂದ ದೋಷ ಅಡಗಿ ಕೂರುವುದಿಲ್ಲ. ನಿಮ್ಮ ಮೂತ್ರದಲ್ಲಿ ರಕ್ತವೂ ಇಲ್ಲವೆಂದರೆ, ಮತ್ತು ಇದು ಈ ಬಗೆಯೇ ಎಂದು ಜೀನ್ ಪರೀಕ್ಷೆಯಲ್ಲಿ ಖಚಿತವಾದರೆ, ಮಗಳ ಚಿಂತೆ ಬಿಡಿ. ಅಮ್ಮನನ್ನು ಮಾತ್ರ ಬಿಡಬೇಡಿ. ಹೆಂಗಸರು ಬರೀ ದಾಟಿಸುವವರು ಎನ್ನುವುದು ಹಳೆಯ ಮಾತು. ವಯಸ್ಸಾದಂತೆ ಅವರ ಮೂತ್ರಪಿಂಡವೂ ಸೋಲಬಹುದು.

ಕುಶಾಲನಗರದ ಅಕ್ಕ:
ಇಬ್ಬರು ಮೂವರಿಗಿದೆ ಎಂದ ಕೂಡಲೇ ಜೀನ್ ಎನ್ನಬೇಡಿ. ನಮ್ಮಲ್ಲಿ ಮೂವರಿಗೆ ಮೂತ್ರ ನೊರೆ ಬರುತ್ತಿತ್ತು, ಕಾರಣ ಸಕ್ಕರೆ ಕಾಯಿಲೆ. ಇನ್ನೊಂದು ಮಾತು: ನಿಮ್ಮ ಅಕ್ಕನದು ಸಂಬಂಧದಲ್ಲೇ ಆದ ಮದುವೆಯೇ? ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸುವ ಬಗೆಯೂ ಇದೆ. ಅದರಲ್ಲಿ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಾಧ್ಯತೆ.

ಶನಿವಾರಸಂತೆಯವ:
ಸಂಬಂಧವಲ್ಲ, ಭಾವ ಸಕಲೇಶಪುರದ ಕಡೆಯವರು. ಮಗುವಿನ ಕಿವಿ ಪರೀಕ್ಷೆಗೆ ಬರೆಸಿಕೊಂಡಿದ್ದೇವೆ. ಸೋಮವಾರ ಅಮ್ಮ, ಅಕ್ಕ, ಹುಡುಗ ಮೂವರದೂ ಬೆಳಗಿನ ಮೊದಲ ಮೂತ್ರ ಒಯ್ಯುತ್ತೇನೆ. ಭಾವನದೂ ಒಂದು ಬಾಟಲಿ ಇರಲಿ ಎಂದಿದ್ದೇನೆ. ಅವರ ಮನೆಯವರು ಅದಕ್ಕೇನು ಹೇಳುತ್ತಾರೋ ನೋಡೋಣ.